ಪಲ್ಟನ್ನಿನ ನೆನಪು ಕನ್ನಡದಲ್ಲಿ ದಾಖಲಾಗಲಿ

ಮಾನ್ಯ ಸಂಪಾದಕರೇ,

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರು 1953ರ ಜನವರಿ 14ರಂದು ಸೇನೆಯಿಂದ ನಿವೃತ್ತರಾದದ್ದರ ನೆನಪಿಗೆ ಪ್ರತಿವರ್ಷ ಅದೇ ದಿನ ಮಾಜಿ ಸೈನಿಕರ ದಿನವನ್ನು ಆಚರಿಸಲಾಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿಯೂ ಅಂದು ನಮ್ಮಂಥವರಿಗೆ ಶಾಲು ಹೊದಿಸಿ ಸನ್ಮಾನಿಸುತ್ತಾರೆ. ಅದಕ್ಕೆ ನಾವು ಕೃತಜ್ಞರು. ಆದರೆ ವರ್ಷದ ಉಳಿದ ದಿನಗಳಲ್ಲಿ ನಮ್ಮ ರೆಜಿಮೆಂಟಿನ ಮಾಜಿ ಸೈನಿಕರ ಸಂಘಗಳು ಏನು ಮಾಡುತ್ತಿವೆ ಎಂದು ಕೇಳಿದರೆ, ಬಹುಪಾಲು ಕಡೆ ಉತ್ತರ ಹೇಳುವುದು ಕಷ್ಟವಿದೆ. ಮರಾಠಾ ಲಘು ಪದಾತಿ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನಾನು ಈ ಪತ್ರವನ್ನು ಬರೆಯುತ್ತಿರುವುದು ಆ ಕಾರಣಕ್ಕಾಗಿಯೇ.

1768ರಲ್ಲಿ ಮುಂಬೈಯಲ್ಲಿ ಬೇರೂರಿದ ಈ ರೆಜಿಮೆಂಟಿನ ತರಬೇತಿ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಗಳಿಸಿದ ನಾಯಕ್ ಯಶವಂತ ಘಾಡ್ಗೆ ಮತ್ತು ಸಿಪಾಯಿ ನಾಮದೇವ ಜಾಧವ್ ಅವರ ಹೆಸರು ಇಲ್ಲಿ ಹೊಸದಾಗಿ ಸೇರಿದ ಪ್ರತಿ ರಂಗರೂಟನಿಗೂ ಗೊತ್ತು. ಮನೆಯಲ್ಲಿ ಕನ್ನಡ ಮಾತಾಡುತ್ತ ಬೆಳೆದು, ಪಲ್ಟನ್ನಿಗೆ, ಅಂದರೆ ಬೆಟಾಲಿಯನ್ನಿಗೆ, ಸೇರಿದ ಮೇಲೆ ಮರಾಠಿಯನ್ನೂ ಹಿಂದಿಯನ್ನೂ ಕಲಿತು, 'ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ' ಎಂದು ಘೋಷಿಸುತ್ತ ಗಡಿಗೆ ಹೋದವರು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಪಲ್ಟನ್ನುಗಳ ಇತಿಹಾಸವನ್ನು ಬರೆದವರು ಬಹುತೇಕ ಅಧಿಕಾರಿಗಳು, ಅವರು ಬರೆದದ್ದು ಇಂಗ್ಲಿಷಿನಲ್ಲಿ. ಅದು ಅವರ ತಪ್ಪಲ್ಲ. ಆದರೆ ಹವಾಲ್ದಾರ, ನಾಯಕ್, ಸಿಪಾಯಿಗಳು ಕಂಡದ್ದು ಕನ್ನಡದಲ್ಲಿ ಎಲ್ಲಿಯೂ ದಾಖಲಾಗದೆ ಅವರೊಂದಿಗೇ ಮಣ್ಣಾಗುತ್ತಿದೆ.

1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ ಈಗಿನ ಬಾಂಗ್ಲಾದೇಶದ ಜಮಾಲಪುರದಲ್ಲಿ ನಡೆದ ಕದನವನ್ನೇ ನೋಡಿ. ಬ್ರಹ್ಮಪುತ್ರಾ ನದಿಯನ್ನು ದಾಟಿ, ಪಟ್ಟಣದ ದಕ್ಷಿಣಕ್ಕೆ ಢಾಕಾದ ಕಡೆಯ ದಾರಿಯನ್ನು ಅಡ್ಡಗಟ್ಟಿ ನಿಂತದ್ದು 'ಜಂಗಿ ಪಲ್ಟನ್' ಎಂದೇ ಹೆಸರಾದ ನಮ್ಮ ಒಂದನೆಯ ಬೆಟಾಲಿಯನ್. ಶರಣಾಗುವಂತೆ ಭಾರತದ ಬ್ರಿಗೇಡಿಯರ್ ಹರ್ದಿತ್ ಸಿಂಗ್ ಕ್ಲೇರ್ ಅವರು ಕಳುಹಿಸಿದ ಪತ್ರಕ್ಕೆ ಎದುರಾಳಿ ಪಾಕಿಸ್ತಾನದ ಬಲೂಚ್ ಪಡೆಯ ಕಮಾಂಡರ್ ಒಂದು ಗುಂಡನ್ನು ಕಾಗದದಲ್ಲಿ ಸುತ್ತಿ ಉತ್ತರವಾಗಿ ಕಳುಹಿಸಿದ ಪ್ರಸಂಗ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ರಾತ್ರಿ ಮುತ್ತಿಗೆಯನ್ನು ಮುರಿದು ಹೊರಬರಲು ಯತ್ನಿಸಿದ ಪಾಕಿಸ್ತಾನದ ಸೈನ್ಯವು ಈ ಪಲ್ಟನ್ನಿನ ಮೋರ್ಚಾಗಳಿಗೆ ಬಂದು ಅಪ್ಪಳಿಸಿತು. ಮೆಷಿನ್ ಗನ್ನಿನ ಹಿಂದೆ ಮಲಗಿದ್ದವನಿಗೆ ಆ ರಾತ್ರಿ ಕತ್ತಲಲ್ಲಿ ಏನು ಕೇಳಿಸಿತು, ಅವನು ಹಿಂದಿನ ಊಟ ಮಾಡಿದ್ದು ಯಾವಾಗ, ನದಿ ದಾಟುವಾಗ ಹೆಗಲ ಮೇಲೆ ಏನೇನು ಹೊತ್ತಿದ್ದ, ಗಾಯಗೊಂಡ ಗೆಳೆಯನನ್ನು ಯಾರು ಎತ್ತಿಕೊಂಡು ಹೋದರು ಎಂಬುದನ್ನು ಹೇಳಬೇಕಾದವನು ಅವನೇ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಆ ಯುದ್ಧದಲ್ಲಿದ್ದ ಹಿರಿಯ ಹವಾಲ್ದಾರರೊಬ್ಬರ ಮನೆಯಲ್ಲಿ ಅವರ ಪ್ಲಟೂನಿನ ಗುಂಪು ಚಿತ್ರವನ್ನು ನೋಡಿದೆ. ಅಂಚುಗಳು ಹಳದಿಯಾಗಿ, ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಹಿಂಬದಿಯಲ್ಲಿ ಯಾವ ಬರಹವೂ ಇರಲಿಲ್ಲ. ಅವರು ಬೆರಳಿಟ್ಟು ಒಬ್ಬೊಬ್ಬರದೇ ಹೆಸರು, ಊರು, ಯಾರು ಹಿಂದಿರುಗಲಿಲ್ಲ ಎಂಬುದನ್ನೆಲ್ಲ ತಡವರಿಸದೆ ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ಮಗನಿಗೆ ಅದರಲ್ಲಿ ತನ್ನ ತಂದೆಯ ಮುಖ ಬಿಟ್ಟರೆ ಮತ್ತಾರೂ ಗೊತ್ತಿರಲಿಲ್ಲ. ಆ ಹೆಸರುಗಳನ್ನು ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಇಂಥ ಕೆಲಸಕ್ಕೆ ಸರ್ಕಾರದ ಅನುದಾನವಾಗಲಿ, ಸಚಿವರಿಂದ ಉದ್ಘಾಟನೆಯಾಗಲಿ ಅಗತ್ಯವಿಲ್ಲ. ಸಂಘವೊಂದು ಮನಸ್ಸು ಮಾಡಬೇಕಷ್ಟೆ.

ಆದರೆ ನಮ್ಮ ಸಂಘಗಳ ಸಭೆಗಳಲ್ಲಿ ನಡೆಯುವುದು ಪಿಂಚಣಿಯ ಬಾಕಿ, ಕ್ಯಾಂಟೀನ್ ಕಾರ್ಡು ಮತ್ತು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಆಸ್ಪತ್ರೆಯ ರೆಫರಲ್‌ಗಳ ಚರ್ಚೆ ಮಾತ್ರ. ಅವು ಬೇಡವೆಂದು ನಾನು ಹೇಳುತ್ತಿಲ್ಲ. ನವೆಂಬರಿನಲ್ಲಿ 'ಸ್ಪರ್ಶ್' ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಡಿ ಜೀವಂತ ಪ್ರಮಾಣಪತ್ರ ಸಲ್ಲಿಸಲಾಗದೆ ಒದ್ದಾಡುವ ವೀರನಾರಿಯರಿಗೂ (ಹುತಾತ್ಮ ಸೈನಿಕರ ಪತ್ನಿಯರಿಗೂ) ವಯಸ್ಸಾದ ಪಿಂಚಣಿದಾರರಿಗೂ ಸಂಘವೇ ಆಸರೆ. ನನ್ನ ಅಭಿಪ್ರಾಯದಲ್ಲಿ ನೆನಪುಗಳನ್ನು ಸಂಗ್ರಹಿಸುವ ಕೆಲಸವನ್ನೂ ಅಲ್ಲಿಂದಲೇ ಆರಂಭಿಸಬಹುದು. ಪ್ರಮಾಣಪತ್ರಕ್ಕೆಂದು ಬಂದ ಹಿರಿಯರನ್ನು ಕೂರಿಸಿ, ಚಹಾ ಕೊಟ್ಟು, ಮೊಬೈಲಿನಲ್ಲಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬಹುದು. ಅವರ ಡಿಸ್ಚಾರ್ಜ್ ಪುಸ್ತಕ, ಪದಕ, ಹಳೆಯ ಪತ್ರಗಳ ಚಿತ್ರಗಳನ್ನು ತೆಗೆದಿಡಬಹುದು. ಶೌರ್ಯದ ಕಥೆ ಹೇಳಿ ಎಂದರೆ ಹೆಚ್ಚಿನವರು ಸಂಕೋಚದಿಂದ ಸುಮ್ಮನಾಗುತ್ತಾರೆ. ಲಂಗರಿನ (ಸೇನೆಯ ಅಡುಗೆಮನೆಯ) ಊಟ, ಮನಿಯಾರ್ಡರು, ರಜೆಗೆ ಬರುವಾಗಿನ ರೈಲಿನ ಬಗ್ಗೆ ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ವೀರನಾರಿಯರನ್ನೂ ಕೇಳಬೇಕು. ಮನೆಗೆ ತಂತಿ ಬಂದ ದಿನವನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ?

ಸಂಘಗಳು ಸೊರಗಲು ಇನ್ನೊಂದು ಕಾರಣವನ್ನು ಮುಜುಗರವಾದರೂ ಹೇಳಲೇಬೇಕು. ವರ್ಷಾನುಗಟ್ಟಲೆ ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿಗಳು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿವರ್ಷ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕಾದ ಲೆಕ್ಕಪತ್ರವನ್ನು ಸಲ್ಲಿಸದೆ ಬಿಟ್ಟು, ಕೊನೆಗೆ ನಾಮಫಲಕವಷ್ಟೇ ಉಳಿದ ಸಂಘಗಳೂ ಇವೆ. ನಲವತ್ತರ ಆಸುಪಾಸಿನಲ್ಲಿ ನಿವೃತ್ತರಾಗಿ ಬ್ಯಾಂಕಿನಲ್ಲಿಯೋ ಕಾರ್ಖಾನೆಯಲ್ಲಿಯೋ ಎರಡನೆಯ ನೌಕರಿ ಹಿಡಿದವರು ಇಂಥ ಸಭೆಗೆ ಏಕೆ ಬಂದಾರು? ಅವರಿಗೆ ಹೊಣೆಯೊಂದನ್ನು ಒಪ್ಪಿಸಿದರೆ ಬರುತ್ತಾರೆ. ಧ್ವನಿಮುದ್ರಣ, ಟೈಪಿಂಗ್, ಚಿತ್ರಗಳ ಸ್ಕ್ಯಾನಿಂಗ್ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಯುವಕರನ್ನು ನಾಲ್ಕು ವರ್ಷಗಳ ಅವಧಿಗೆ ಸೇನೆಗೆ ಸೇರಿಸಿಕೊಳ್ಳುವ, 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯು ಈ ಪ್ರಶ್ನೆಗೆ ಹೊಸ ಮುಖವನ್ನೇ ಕೊಟ್ಟಿದೆ. ನಾಲ್ಕು ವರ್ಷಗಳ ಬಳಿಕ ಪ್ರತಿ ತಂಡದ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುವುದಾಗಿ ಯೋಜನೆ ಹೇಳುತ್ತದೆ. ಉಳಿದವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ಸರ್ಕಾರದ ನಿಯಮ ಏನೇ ಇರಲಿ, ಒಂದೇ ಪಲ್ಟನ್ನಿನ ನಿಶಾನೆಯ ಮುಂದೆ ಪ್ರತಿಜ್ಞೆ ಮಾಡಿದ ಆ ಹುಡುಗರನ್ನು 'ನೀವು ನಮ್ಮವರಲ್ಲ' ಎಂದು ಸಂಘಗಳು ಬಾಗಿಲಲ್ಲೇ ನಿಲ್ಲಿಸುವುದು ಅನ್ಯಾಯ. ಪಿಂಚಣಿದಾರರಿಗೆ ಮಾತ್ರ ಸದಸ್ಯತ್ವ ಎಂಬ ಉಪವಿಧಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಸರ್ವಸದಸ್ಯರ ಸಭೆ ಕರೆದು ಅದನ್ನು ತಿದ್ದಬೇಕು. ಮುಂದಿನ ಮೂವತ್ತು ವರ್ಷ ಸಂಘವನ್ನು ನಡೆಸುವಷ್ಟು ವಯಸ್ಸು ಇರುವುದು ಅವರಿಗೇ.

ಹೀಗೆ ಸಂಗ್ರಹವಾದದ್ದರ ಒಂದು ಪ್ರತಿ ಸಂಘದಲ್ಲಿ, ಒಂದು ಪ್ರತಿ ಬೆಳಗಾವಿಯ ರೆಜಿಮೆಂಟಲ್ ಕೇಂದ್ರದಲ್ಲಿ, ಇನ್ನೊಂದು ಪ್ರತಿ ಆಯಾ ಊರಿನ ಗ್ರಂಥಾಲಯದಲ್ಲಿ ಇರಲಿ. ಸೇನೆಯ ಗೋಪ್ಯತೆಗೆ ಸಂಬಂಧಿಸಿದ ಸಂಗತಿಗಳನ್ನು ಪ್ರಕಟಣೆಗೆ ಮುನ್ನ ಕೇಂದ್ರದ ಅಧಿಕಾರಿಗಳಿಗೆ ತೋರಿಸುವುದು ಒಳಿತು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ತನ್ನ ಜಿಲ್ಲಾ ಕಚೇರಿಯಲ್ಲಿ ತಿಂಗಳಿಗೊಂದು ದಿನ ಕೊಠಡಿಯೊಂದನ್ನು ಈ ಕೆಲಸಕ್ಕೆ ಬಿಟ್ಟುಕೊಡಲಿ ಎಂದು ವಿನಂತಿಸುತ್ತೇನೆ. ತಮ್ಮ ಪತ್ರಿಕೆಯೂ ಪ್ರತಿ ಡಿಸೆಂಬರ್ 16ರ ವಿಜಯ ದಿವಸದಂದು ಗಣ್ಯರ ಸಂದೇಶಗಳ ಜೊತೆಗೆ ಜಿಲ್ಲೆಯ ಒಬ್ಬ ಸಿಪಾಯಿಯ ಅನುಭವವನ್ನು ಅವನದೇ ಮಾತಿನಲ್ಲಿ ಪ್ರಕಟಿಸುವುದಾದರೆ, ಮೊದಲ ಕೆಲವು ಬರಹಗಳನ್ನು ಒದಗಿಸುವ ಹೊಣೆಯನ್ನು ನಾವು ಹೊರಲು ಸಿದ್ಧರಿದ್ದೇವೆ.

– ಓರ್ವ ನಿವೃತ್ತ ಸುಬೇದಾರ್, ಬೆಳಗಾವಿ ಜಿಲ್ಲೆ