ಗೆಳೆಯನಿಗೊಂದು ಪತ್ರ: ನಾಲ್ಕಾಣೆಯ ಲೆಕ್ಕ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಮಗನಿಗೆ "ನಾಲ್ಕಾಣೆ ಬುದ್ಧಿ ಇಲ್ಲ ನಿಂಗೆ" ಅಂತ ಬೈದದ್ದು, ಅವನು "ನಾಲ್ಕಾಣೆ ಅಂದ್ರೆ ನಾಲ್ಕು ಪೈಸೇನಾ ಅಪ್ಪಾ?" ಅಂದದ್ದು, ನೀನು ತಡವರಿಸಿದ್ದು ಎಲ್ಲಾ ಕೇಳಿಸಿತು. ಅಂದು ಸಂಜೆಯೇ ಅಮ್ಮನ ಹತ್ತಿರ ಕೂತು ಕೇಳಿದೆ. ಆ ಲೆಕ್ಕ ಬದಲಾದಾಗ ಅವಳಿಗೆ ಒಂಬತ್ತು ವರ್ಷವಂತೆ.

1957ರ ಏಪ್ರಿಲ್ 1. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, 192 ಕಾಸು. ಅಂದಿನಿಂದ ನೂರು ನಯಾಪೈಸೆ. ಕೇಳಲಿಕ್ಕೆ ಸಲೀಸು, ಆದರೆ ನೂರನ್ನು ಹದಿನಾರರಿಂದ ಭಾಗಿಸಿ ನೋಡು, ಆಣೆಗೆ ಆರೂಕಾಲು ಬರುತ್ತದೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರೋದು? ಅದಕ್ಕೇ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಆ ಮೂರಾಣೆಯ ಹತ್ತೊಂಬತ್ತು ನೋಡಿ ನನಗೆ ಈಗಲೂ ನಗು ಬರುತ್ತದೆ. ಹಳೇ ನಾಣ್ಯ, ಹೊಸ ನಾಣ್ಯ ಎರಡೂ ಒಟ್ಟಿಗೇ ಓಡಾಡುತ್ತಿದ್ದವು ಬೇರೆ.

ಈಗ ಅಮ್ಮನ ಕಿತಾಪತಿ ಕೇಳು. ಅಜ್ಜಿ ಇವಳ ಕೈಗೆ ಪಾವಲಿ, ಅಂದರೆ ನಾಲ್ಕಾಣೆ ನಾಣ್ಯ, ಕೊಟ್ಟು ನಾಲ್ಕಾಣೆ ಕಾಫಿಪುಡಿ ತಾ ಅಂದರೆ, ಇವಳು ಅಂಗಡಿಯಲ್ಲಿ "ಒಂದಾಣೇದು ನಾಲ್ಕು ಪೊಟ್ಟಣ ಕಟ್ಟಿ" ಅಂದಳಂತೆ. ನಾಲ್ಕಾರಲೆ ಇಪ್ಪತ್ತನಾಲ್ಕು. ಒಂದು ನಯಾಪೈಸೆ ವಾಪಸ್! ಎರಡನೇ ದಿನಕ್ಕೆ ಶೆಟ್ಟರಿಗೆ ಹೊಳೆಯಿತು. "ಪುಟ್ಟೀ, ಇನ್ಮೇಲೆ ನಿಂಗೆ ಒಂದೇ ಪೊಟ್ಟಣ" ಅಂದರಂತೆ. ಪಾಪ, ಅವರ ಕಷ್ಟವೂ ಅರ್ಥವಾಗುತ್ತದೆ. ಒಂದಾಣೆ ಲೆಕ್ಕದಲ್ಲೇ ಹದಿನಾರು ಸಲ ವ್ಯಾಪಾರ ಮಾಡಿದರೆ ರೂಪಾಯಿಗೆ ನಾಲ್ಕು ಪೈಸೆ ಖೋತಾ. ವೀಳ್ಯದೆಲೆ ಮಾರುವವಳಿಗೆ ಅದೇನು ಕಡಿಮೆಯೇ?

ಆ ಎರಡು ದಿನದ ಗಳಿಕೆಯಲ್ಲಿ ಒಂದು ಪೆಪ್ಪರ್‌ಮಿಂಟಿಗೆ ಹೋಯಿತಂತೆ, ಇನ್ನೊಂದು ಅಮ್ಮನ ಕುಂಕುಮದ ಭರಣಿಯಲ್ಲಿ ಈಗಲೂ ಇದೆ. ಉಗುರಿನಷ್ಟು ಅಗಲದ ಕಂಚಿನ ಬಿಲ್ಲೆ. ಭೂತಗನ್ನಡಿ ಹಿಡಿದು ನೋಡಿದೆ, "ರುಪಯೇ ಕಾ ಸೌವಾ ಭಾಗ್" ಅಂತ ಹಿಂದಿಯಲ್ಲಿ ಬರೆದಿದೆ, ರೂಪಾಯಿಯ ನೂರನೇ ಒಂದು ಭಾಗ ಅಂತ. ತಾನು ಎಷ್ಟು ಅಂತ ನಾಣ್ಯವೇ ಜನಕ್ಕೆ ಪಾಠ ಹೇಳಬೇಕಾದ ಕಾಲ ಅದು.

1964ರ ಜೂನ್‌ನಲ್ಲಿ "ನಯಾ" ಹೋಗಿ ಬರೀ ಪೈಸೆ ಆಯಿತು. ಸರ್ಕಾರ ಕೈಬಿಟ್ಟ ಆ ಮಾತನ್ನು ನಾವು ಬಿಡಲೇ ಇಲ್ಲ ನೋಡು, "ನಯಾಪೈಸೆ ಬಿಚ್ಚಲ್ಲ ಆಸಾಮಿ" ಅನ್ನುತ್ತಲೇ ಇದ್ದೇವೆ. ಆಣೆಗಳಲ್ಲೂ ಅಷ್ಟೇ. ಸರಿಯಾಗಿ ಭಾಗವಾಗದ ಒಂದಾಣೆ, ಮೂರಾಣೆ ಬೆಲೆ ಕೇಳುವ ಬಾಯಿಂದ ಮರೆಯಾದವು. ಚೊಕ್ಕವಾಗಿ 25, 50 ಆದ ನಾಲ್ಕಾಣೆ, ಎಂಟಾಣೆ ನಾವು ಐಸ್‌ಕ್ಯಾಂಡಿ ತಿನ್ನುವ ಕಾಲಕ್ಕೂ ಇದ್ದವು. 25 ಪೈಸೆ ಚಲಾವಣೆ ನಿಂತದ್ದು 2011ರ ಜೂನ್ 30ಕ್ಕೆ. ನಿನ್ನ ಬೈಗುಳದಲ್ಲಿ ಮಾತ್ರ ಇನ್ನೂ ಚಾಲ್ತಿಯಲ್ಲಿದೆ.

ಮಗನಿಗೆ ಇಷ್ಟು ಹೇಳು ಸಾಕು. ಅಂದಹಾಗೆ, ಹೋದ ದಸರಾದಲ್ಲಿ ರೈಲು ಟಿಕೆಟ್ಟಿಗೆ ಅಂತ ಇಸಕೊಂಡದ್ದರಲ್ಲಿ ನಯಾಪೈಸೆಯೂ ಬಂದಿಲ್ಲ ಮಾರಾಯ.

ಇಂತಿ ನಿನ್ನ,
ಹಳೇ ಬೆಂಚಿನ ಗೆಳೆಯ