ಯಾರೂ ಕೇಳಲ್ಲ ಅಂದೆಯಲ್ಲ

ತೀರ್ಥಹಳ್ಳಿ
ಅಕ್ಟೋಬರ್ ಕೊನೆ ವಾರ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಇ-ಮೇಲನ್ನು ಮಗಳು ಪ್ರಿಂಟ್ ತೆಗೆದು ಕೊಟ್ಟಳು. ಮನೆ ಸುದ್ದಿ, ಕೊಳೆರೋಗದ ಸುದ್ದಿ ಎಲ್ಲ ಭಾನುವಾರದ ಫೋನಿನಲ್ಲೇ ಆಗಿದೆ. ಅದನ್ನು ಮತ್ತೆ ಬರೆಯುವುದಿಲ್ಲ.

ನೀನು ಕೇಳಿದ್ದು ಇಷ್ಟೇ. ಆಫೀಸಿನ ಗೆಳೆಯ ಅಮೆರಿಕದ ವಿಸ್ಕಾನ್ಸಿನ್‌ನ ತನ್ನ ಊರಿಗೆ ಜಿಂಕೆ ಶಿಕಾರಿಗೆ ಕರೆದಿದ್ದಾನೆ, ಮಾವ ಹಿಂದೆ ಶಿಕಾರಿ ಮಾಡಿದವರು, ಕೋವಿ ಹಿಡಿಯುವ ಬಗ್ಗೆ ಒಂದೆರಡು ಟಿಪ್ಸ್ ಕೊಡಲಿ ಅಂತ. ಅದರ ಕೆಳಗೆ, ಬರೆಯಲೋ ಬೇಡವೋ ಎನ್ನುವ ಹಾಗೆ, ಇನ್ನೊಂದು ಮಾತು ಸೇರಿಸಿದ್ದೀಯ. 'ಅವರ ಸ್ವಂತ ಜಮೀನು ಮಾವ. ಲೈಸೆನ್ಸು, ಕೋರ್ಸು ಏನೂ ಬೇಡವಂತೆ. ನಾನು ಹೊಡೆದರೆ ಅವನ ಟ್ಯಾಗ್ ಹಾಕುತ್ತಾನಂತೆ. ಅಲ್ಲಿ ಯಾರೂ ಕೇಳಲ್ಲ.'

ಆ ಕೊನೆಯ ಎರಡು ಪದ ಓದಿದ ಮೇಲೆ ನನಗೆ ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ನಿನ್ನ ಅತ್ತೆ, ರಾತ್ರಿ ಕಾಫಿ ಜಾಸ್ತಿಯಾಯಿತು ಎನ್ನುತ್ತಾಳೆ. ಇರಲಿ.

ಮೊದಲು ನನಗೆ ತಿಳಿದದ್ದನ್ನು ಹೇಳಿಬಿಡುತ್ತೇನೆ. ಅಮೆರಿಕ ನೋಡದವನು ಅಮೆರಿಕದ ಕಾನೂನು ಹೇಳುವುದು ನಗೆಪಾಟಲೇ. ಆದರೆ ಮಗಳು ಆ ರಾಜ್ಯದಲ್ಲಿ ಕಾಡು, ಪ್ರಾಣಿ ನೋಡಿಕೊಳ್ಳುವ ಇಲಾಖೆಯಾದ ಡಿಎನ್‌ಆರ್‌ನವರ ನಿಯಮದ ಪುಸ್ತಕವನ್ನು ಟ್ಯಾಬಿನಲ್ಲಿ ತೆಗೆದುಕೊಟ್ಟಳು. ಅಕ್ಷರ ದೊಡ್ಡ ಮಾಡಿಕೊಂಡು ಎರಡು ರಾತ್ರಿ ಓದಿದ್ದೇನೆ. ನಿನ್ನ ಗೆಳೆಯ ಅದನ್ನು ಓದಿ ಎಷ್ಟು ವರ್ಷವಾಯಿತೋ ಕೇಳು. ಸ್ವಂತ ಜಮೀನಾದರೂ ಲೈಸೆನ್ಸ್ ಬೇಕು. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರೆಲ್ಲ ಬೇಟೆಯ ಕೋರ್ಸ್ ಮಾಡಿರಬೇಕು. ಇಲ್ಲದಿದ್ದರೆ ತಿಳಿದವರೊಬ್ಬರು ಕೈಗೆಟುಕುವಷ್ಟು ಹತ್ತಿರ ನಿಂತು ಹೊಡೆಸಬೇಕು. ಆಗಲೂ ನಿನ್ನ ಹೆಸರಿನಲ್ಲಿ ಲೈಸೆನ್ಸ್ ಇರಲೇಬೇಕು. ಟ್ಯಾಗ್ ಅಂದರೆ ಒಂದು ಜಿಂಕೆ ಹೊಡೆಯಲು ಕೊಡುವ ಅನುಮತಿ ಚೀಟಿ. ಅದರ ವಿಷಯದಲ್ಲಿ ಅವನು ಅರ್ಧ ಸರಿ. ಗುಂಪಿನಲ್ಲಿ ಒಬ್ಬನ ಟ್ಯಾಗಿಗೆ ಇನ್ನೊಬ್ಬ ಹೊಡೆಯುವುದಕ್ಕೆ ಅಲ್ಲಿ ಅವಕಾಶ ಇದೆ. ಆದರೆ ಇಬ್ಬರ ಹತ್ತಿರವೂ ಲೈಸೆನ್ಸ್ ಇರಬೇಕು, ಒಬ್ಬರಿಗೊಬ್ಬರು ಕಾಣುವಷ್ಟು ಅಥವಾ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಅವನಿಗೆ ಬೇಕಾದ ಅರ್ಧ ನೆನಪಿದೆ, ಉಳಿದರ್ಧ ಮರೆತಿದೆ. ನಾವೂ ಹಾಗೇ ಇದ್ದೆವು.

ನಿನ್ನ ವೀಸಾದ್ದು ಬೇರೆಯೇ ಕಥೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಅಲ್ಲಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ಇದು ರಾಜ್ಯದ್ದಲ್ಲ, ಇಡೀ ದೇಶದ ಕಾನೂನು. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅಂದರೆ ಗೆಳೆಯನಿಗೆ ಬೇಡ ಎನಿಸಿದ ಆ ಕಾಗದವೇ ನಿನಗೆ ಆಧಾರ. ಅದಿಲ್ಲದೆ ಅವನ ರೈಫಲ್ಲನ್ನು ಸುಮ್ನೆ ಹಿಡಿದು ಫೋಟೋ ತೆಗೆಸಿಕೊಂಡರೂ ತಪ್ಪು ನಿನ್ನದೇ. ಅವನಿಗೆ ದಂಡ ಬೀಳಬಹುದು, ನೀನು ದೇಶವನ್ನೇ ಬಿಡಬೇಕಾಗಬಹುದು. ನಿನ್ನ ಕಂಪನಿಯ ವೀಸಾ ವಕೀಲರನ್ನು ಒಂದು ಮಾತು ಕೇಳು ಮಾರಾಯ. ನಾನು ಹೇಳಿದ್ದನ್ನೇ ನಂಬಿಕೊಂಡು ಹೋಗಬೇಡ.

ಆದರೆ ನನ್ನ ನಿದ್ದೆ ಕೆಟ್ಟದ್ದು ವೀಸಾದಿಂದ ಅಲ್ಲ.

'ಡ್ರೈವ್ ಮಾಡುತ್ತಾರಂತೆ' ಎಂದು ಬರೆದಿದ್ದೀಯಲ್ಲ, ನಾನು ಮೊದಲು ಕಾರಿನದ್ದು ಅಂದುಕೊಂಡೆ. ಆಮೇಲೆ ಮಗಳು ಹೇಳಿದಳು. ಕೆಲವರು ಕಾಡಿನೊಳಗೆ ಸಾಲಾಗಿ ನಡೆದು ಜಿಂಕೆ ಎಬ್ಬಿಸುತ್ತಾರೆ, ಉಳಿದವರು ಆಚೆ ಕಾದು ನಿಂತಿರುತ್ತಾರೆ. ನಮ್ಮ ಹಳು ಸೋವುವುದೇ ಅದು! ನಾವು ಬಿಲ್ಲಿಗೆ, ಅಂದರೆ ಕಾದು ಹೊಡೆಯುವ ಜಾಗಕ್ಕೆ, ನಿಲ್ಲುತ್ತಿದ್ದೆವು, ಕೆಲಸದವರು ಹಳು ಸೋಯುತ್ತಿದ್ದರು. ಕೋವಿ ಇದ್ದವನು ಬಿಲ್ಲಿಗೆ, ಇಲ್ಲದವನು ಹಳುವಿಗೆ. ಯಾರು ಎಲ್ಲಿ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1974ರ ಮಾಗಿಯಲ್ಲಿ ನನಗೆ ಹತ್ತೊಂಬತ್ತು. ವನ್ಯಜೀವಿ ಕಾಯ್ದೆ ಬಂದು ಎರಡು ವರ್ಷವಾಗಿತ್ತು. ಕಾನೂನು ಹೊಸದೇನೂ ಅಲ್ಲ, ಮೈಸೂರು ಸರ್ಕಾರ 1901ರಲ್ಲೇ ಶಿಕಾರಿಗೆ ಕಾನೂನು ಮಾಡಿತ್ತು. ನಮ್ಮ ಮನೆಗೆ ಅದು ತಲುಪಿರಲಿಲ್ಲ ಅಷ್ಟೆ. ಆವತ್ತು ಹೊರಡುವಾಗ ನಾನು ಅಜ್ಜನನ್ನು ಕೇಳಿದ್ದೆ, ಈಗ ಪರ್ಮಿಟ್ ಬೇಕಂತಲ್ಲ ಅಂತ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು, 'ನಮ್ಮ ಕಾನು, ನಮ್ಮ ಕೋವಿ. ಯಾರು ಕೇಳ್ತಾರೆ?'

ಅದೇ ಮಾತು. ಐವತ್ತು ವರ್ಷದ ಮೇಲೆ ನಿನ್ನ ಮೇಲಿನಲ್ಲಿ ಓದಿದೆ.

ಕೇಪಿನ ಕೋವಿ, ಸಣ್ಣ ಗುಂಡಿನ ಚರೆ ತುಂಬಿದ್ದು. ನಾನು ತೊರೆಯ ಪಕ್ಕದ ಬಿಲ್ಲಿನಲ್ಲಿದ್ದೆ. ಕಡವೆ ಎದ್ದಿದೆ ಎಂದು ಕೂಗು ಬಂತು. ಎದುರಿನ ಕುರುಚಲು ಅಲ್ಲಾಡಿತು. ಕಂದು ಬಣ್ಣ ಕಂಡಿತು, ಅಥವಾ ಕಂಡಿತು ಅಂದುಕೊಂಡೆ. ಈಡು ಹೊಡೆದೆ. ಅದು ಕಂಬಳಿಯ ಬಣ್ಣ.

ಅವನ ಹೆಸರು ಬರೆಯುವುದಿಲ್ಲ. ನಿನಗೂ ಗೊತ್ತು ಅವನು. ಚಿಕ್ಕವನಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಕುಂಟುತ್ತಾ, ಎಳ್ಳಮಾವಾಸ್ಯೆ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದವನು. ಚರೆ ಮಂಡಿಗೆ ಹೊಕ್ಕಿತ್ತು. ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳುತ್ತಾರೆ, ಡಾಕ್ಟರು ಕೇಳಿದರೆ ಪೊಲೀಸರು ಕೇಳುತ್ತಾರೆ. ಹಾಗಾಗಿ ಗೂಟ ಚುಚ್ಚಿತು ಎಂದು ಎಲ್ಲರೂ ಮಾತಾಡಿಕೊಂಡರು. ಕೊಟ್ಟಿಗೆಯಲ್ಲಿ ಮಲಗಿಸಿ, ಸೊಪ್ಪು ಅರೆದು ಕಟ್ಟಿದರು. ಎರಡು ಚರೆ ಒಳಗೇ ಉಳಿಯಿತು. ಅವನು ಬದುಕಿದ, ಮಂಡಿ ಮಡಚಲಿಲ್ಲ.

ಅಜ್ಜ ಹೇಳಿದ್ದು ನಿಜವೇ ಆಯಿತು. ಯಾರೂ ಕೇಳಲಿಲ್ಲ. ಅವನ ಅಪ್ಪನೂ ಕೇಳಲಿಲ್ಲ, ನಮ್ಮ ಮನೆಯಲ್ಲೇ ಕೆಲಸಕ್ಕಿದ್ದವನು ಹೇಗೆ ಕೇಳುತ್ತಾನೆ? ನಾನು ಕೋವಿ ಮುಟ್ಟುವುದನ್ನು ಬಿಟ್ಟೆ. ಅಹಿಂಸೆ ಹಿಡಿಯಿತು ಎಂದು ಜನ ಅಂದುಕೊಂಡರು. ನಾನೂ ಹೌದು ಅಂದೆ.

ಆ ಪುಸ್ತಕದಲ್ಲಿ ಒಂದು ಸಾಲಿದೆ. ಗುರಿ ಯಾವುದು, ಅದರ ಹಿಂದೇನಿದೆ ಎಂದು ಖಚಿತ ಮಾಡಿಕೊಂಡೇ ಹೊಡೆಯಬೇಕು ಅಂತ. ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಕನಿಷ್ಠ ಅರ್ಧ ಭಾಗ ಹೊಳೆಯುವ ಕಿತ್ತಳೆಯೋ ಗುಲಾಬಿಯೋ ಇರಬೇಕಂತೆ, ಟೋಪಿ ಹಾಕಿದರೆ ಅದರಲ್ಲೂ ಅರ್ಧ. ಅದನ್ನು ಓದಿ ಟ್ಯಾಬ್ ಕೆಳಗಿಟ್ಟು ತುಂಬಾ ಹೊತ್ತು ಕೂತಿದ್ದೆ. ಒಂದು ಕಿತ್ತಳೆ ಬಟ್ಟೆ. ನಾವು ಅವನಿಗೆ ಕೊಟ್ಟದ್ದು ಕಂದು ಕಂಬಳಿ. ನೀನು ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಕಿತ್ತಳೆಯೇ ಹಾಕು. ಹಾಸ್ಯ ಮಾಡಿದರೆ ಮಾಡಲಿ.

ಇನ್ನೇನು ಹೇಳಬೇಕಿತ್ತು? ಹಾಂ, ದಿನ. ಕೋವಿಯ ಮುಖ್ಯ ಸೀಸನ್ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರು, 9 ದಿನ. ಬಿಲ್ಲುಬಾಣದವರಿಗೆ ಸೆಪ್ಟೆಂಬರಿನಿಂದಲೇ ಇರುತ್ತದೆ. ಅದನ್ನು ನೋಡಿ ಸೀಸನ್ ಶುರುವಾಗಿದೆ ಎಂದು ಕೋವಿ ಎತ್ತಬೇಡಿ. ದಿನಕ್ಕೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂಬುದಕ್ಕೆ ಪುಸ್ತಕದಲ್ಲಿ ಪಟ್ಟಿಯೇ ಇದೆ, ಫೋನಿನಲ್ಲಿ ಇಟ್ಟುಕೋ. ಸಂಜೆ ಇನ್ನೂ ಬೆಳಕಿದೆ ಎನಿಸುವ ಹೊತ್ತಿನಲ್ಲೇ ಕಣ್ಣು ಮೋಸ ಮಾಡುವುದು. ಕೊಂಬು 3 ಇಂಚಾದರೂ ಇದ್ದರೆ ಮಾತ್ರ ಗಂಡಿನ ಟ್ಯಾಗಿಗೆ ಸೇರುತ್ತದೆ. ಕೊಂಬಿಲ್ಲದ್ದಕ್ಕೆ ಬೇರೆ ಟ್ಯಾಗ್, ಅದೂ ಆಯಾ ಪ್ರದೇಶಕ್ಕೆ, ಖಾಸಗಿ ಜಮೀನೋ ಸರ್ಕಾರಿಯದೋ ಎಂದು ನೋಡಿ. ಹೊಡೆದರೆ ಮರುದಿನ ಸಂಜೆ 5ರೊಳಗೆ ನೋಂದಾಯಿಸಬೇಕು. 2002ರಲ್ಲಿ ಅಲ್ಲಿನ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಎಂಬ ಮಿದುಳಿನ ರೋಗ ಕಂಡಿತಂತೆ. ಮಾಂಸ ತಿನ್ನುವ ಮೊದಲು ಪರೀಕ್ಷೆ ಮಾಡಿಸಿ. ನೀನು ಇದನ್ನೆಲ್ಲ ಆಗಲೇ ಓದಿದ್ದರೆ ಮುದುಕನ ಕೊರೆತ ಅಂತ ಬಿಟ್ಟುಬಿಡು.

ಹೋಗಬೇಡ ಎನ್ನುತ್ತಿಲ್ಲ. ಜಿಂಕೆ ಹೆಚ್ಚಾದ ಕಡೆ ಲೆಕ್ಕ ಹಾಕಿ ಹೊಡೆಸುತ್ತಾರೆ, ನಮ್ಮ ಹಾಗಲ್ಲ. ಲೈಸೆನ್ಸ್ ಮಾಡಿಸಲು ಟೈಮ್ ಸಾಲದಿದ್ದರೆ ಕೋವಿ ಮುಟ್ಟದೆ, ಡ್ರೈವಿಗೂ ಸೇರದೆ, ಅವರ ಮನೆಯಲ್ಲಿ ಊಟ ಮಾಡಿಕೊಂಡು ಬಾ. ಮುಂದಿನ ವರ್ಷವೂ ಜಿಂಕೆ ಇರುತ್ತದೆ. ಡ್ರೈವಿಗೆ ಸೇರುವುದೇ ಆದರೆ ಗೆಳೆಯನ ಅಪ್ಪನನ್ನು ಮುಂಚೆಯೇ ಕೇಳು, ಕಾಡಿನೊಳಗೆ ಯಾರಿರುತ್ತಾರೆ, ಎಲ್ಲಿಂದ ಎಲ್ಲಿಗೆ ಬರುತ್ತಾರೆ ಅಂತ. ಹೆಸರು ಹಿಡಿದು ಕೇಳು.

ಕಳೆದ ಆಷಾಢದಲ್ಲಿ ಅವನು ತೀರಿಕೊಂಡ, ನಿನಗೆ ಗೊತ್ತಲ್ಲ. ತಿಥಿಯ ದಿನ ಅವನ ಮಗ ನನ್ನ ಪಕ್ಕ ಕೂತು ಕೇಳಿದ, 'ಗೌಡ್ರೇ, ಅಪ್ಪನ ಕಾಲು ನಿಜವಾಗಿ ಏನಾಗಿದ್ದು?' ಐವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದರು. ನಾನು ಗೂಟ ಚುಚ್ಚಿದ್ದು ಅಂದೆ.

ಈ ಪತ್ರವನ್ನು ಅಮ್ಮನಿಗೆ ತೋರಿಸಬೇಡ. ಶಿಕಾರಿಯ ಫೋಟೋ ಫ್ಯಾಮಿಲಿ ಗ್ರೂಪಿಗೂ ಬೇಡ, ಅವಳು ಊರಿಗೆಲ್ಲ ಕಳಿಸುತ್ತಾಳೆ. ಕೊಯ್ಲು ಶುರುವಾಗಿದೆ, ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತೇನೆ. ಲೈಸೆನ್ಸ್ ಏನಾಯಿತು ಅಂತ ಫೋನ್ ಮಾಡು.

ನಿನ್ನ
ಮಾವ