ಕುರಿಯ ಲೆಕ್ಕದಿಂದ ಶುರುಮಾಡು

ಪ್ರಿಯ ತಮ್ಮಾ,

ನೀನು ಕಳಿಸಿದ ಕಾದಂಬರಿಯ ಕರಡು ಓದಿದೆ. ನಿನಗೆ ಬರೆಯುವ ಕೈ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ 16ನೇ ಶತಮಾನದ ಇಂಗ್ಲೆಂಡಿನ ಕ್ಯಾಥೊಲಿಕ್ ಹಳ್ಳಿಗರ ಕಥೆ ಅಂತ ಹೇಳಿ ಮೊದಲ ನಾಲ್ಕು ಅಧ್ಯಾಯ ಪೂರ್ತಿ ಚರ್ಚಿನ ಸುಧಾರಣೆಗೆ ಎದ್ದ ಜರ್ಮನಿಯ ಲೂಥರ್, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ, ಅವನ ಮದುವೆಗಳು, ಪೋಪ್ ಜೊತೆಗಿನ ಜಗಳ ಇಷ್ಟನ್ನೇ ತುಂಬಿದ್ದೀಯ. ಹಳ್ಳಿಗರು ಬರುವುದು ಸುಮ್ನೆ ಗುಂಪಾಗಿ, ಮಂಡಿಯೂರುವುದಕ್ಕೆ ಅಥವಾ ಹೆದರಿ ಓಡುವುದಕ್ಕೆ. ಅವರಲ್ಲಿ ಒಬ್ಬರಿಗೂ ಕುರಿ ಇಲ್ಲ, ಸಾಲ ಇಲ್ಲ, ಮನಸ್ಸಿಗೆ ಹತ್ತಿರವಾದ ಒಬ್ಬ ಸಂತ ಇಲ್ಲ.

ಅರಮನೆ ಬಿಡು, ಡೆವನ್ ಪ್ರಾಂತ್ಯದ ಮೋರ್‌ಬ್ಯಾತ್ ಅನ್ನುವ ಹಳ್ಳಿಗೆ ಹೋಗು. ಸುಮಾರು 33 ಮನೆಗಳ ಬಡ ಊರು, ಕುರಿ ಸಾಕಿ ಬದುಕುವ ಜನ. 1520ರಲ್ಲಿ ಕ್ರಿಸ್ಟೋಫರ್ ಟ್ರಿಕಿ ಅನ್ನುವ ಪಾದ್ರಿ ಅಲ್ಲಿಗೆ ಬಂದ, 1574ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಚರ್ಚಿನ ಲೆಕ್ಕವನ್ನು ಅವನೇ ಬರೆದು, ಊರವರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದ. ಆ ಲೆಕ್ಕ ಉಳಿದುಕೊಂಡಿದೆ. ಒಬ್ಬ ಮನುಷ್ಯ ತನ್ನ ಊರಿನ ಜೊತೆ ಮಾತಾಡುವ ಧಾಟಿ ಅದರಲ್ಲಿ ಕೇಳಿಸುತ್ತದೆ. ಕಾದಂಬರಿ ಬರೆಯುವವನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಹೇಳು.

ಆ ಚರ್ಚಿನಲ್ಲಿ ಒಂದೊಂದು ಸಂತರ ಹೆಸರಲ್ಲಿ ಒಂದೊಂದು ನಿಧಿ ಇತ್ತು. ಯೇಸುವಿನ ತಾಯಿ ಮರಿಯಮ್ಮನವರದು ಒಂದು, ಎಕ್ಸೆಟರ್ ಕಡೆಯ ಸಂತ ಸಿಡ್‌ವೆಲ್ ಅವರದು ಒಂದು, ಹುಡುಗರದು ಬೇರೆ, ಹುಡುಗಿಯರದು ಬೇರೆ. ಸಂತರಿಗೆ ಸೇರಿದ ಕುರಿಗಳನ್ನು ಊರವರು ತಮ್ಮ ಮಂದೆಯಲ್ಲೇ ಮೇಯಿಸುತ್ತಿದ್ದರು, ಉಣ್ಣೆ ಮಾರಿದ ದುಡ್ಡು ಮೂರ್ತಿಯ ಮುಂದಿನ ಮೇಣದ ದೀಪಕ್ಕೆ. ಕುರಿ ಸತ್ತರೆ ಅದೂ ಲೆಕ್ಕಕ್ಕೆ ಬರುತ್ತಿತ್ತು. ದೇವರ ಹೆಸರಲ್ಲಿ ಬಿಟ್ಟ ಕುರಿ ಎಂದರೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹೀಗೆ ತನ್ನ ಹಟ್ಟಿಯಲ್ಲೇ ಸಂತರ ಕುರಿ ಇರುವ ಮನುಷ್ಯನಿಗೆ ಭಕ್ತಿ ಅನ್ನುವುದು ಭಾನುವಾರದ ಮಾತಲ್ಲ, ದಿನಾ ಬೆಳಗ್ಗೆ ಎದ್ದು ಮೇವು ಹಾಕುವ ಕೆಲಸ.

ಸಿಡ್‌ವೆಲ್ ಅವರ ಮೂರ್ತಿಗೆ ಬೆಳ್ಳಿಯ ಪಾದರಕ್ಷೆ ಮಾಡಿಸುವುದಕ್ಕೆ ತನ್ನ ಮದುವೆಯ ಉಂಗುರ ಕೊಟ್ಟ ಹೆಂಗಸಿದ್ದಳು. 1534ರಲ್ಲಿ ಕಳ್ಳನೊಬ್ಬ ಏಣಿ ಹಾಕಿ ಒಳಗೆ ಇಳಿದು ಆ ಪಾದರಕ್ಷೆಯನ್ನೂ ಬಲಿಪೂಜೆ ಅನ್ನುವ ಚರ್ಚಿನ ಮುಖ್ಯ ಪೂಜೆಯ ಪಾತ್ರೆಯನ್ನೂ ಕದ್ದ. ಆಗ ಊರಿನ ಹುಡುಗ ಹುಡುಗಿಯರು ತಾವೇ ದುಡ್ಡು ಕೂಡಿಸಿ ಹೊಸ ಪಾತ್ರೆ ತಂದರು. ನಿನ್ನ ಕರಡಿನಲ್ಲಿ ಯುವಕರೆಲ್ಲ ಹಳೆಯ ಕ್ಯಾಥೊಲಿಕ್ ಧರ್ಮದಿಂದ ಬೇಸತ್ತು ಹೊಸ ಪ್ರೊಟೆಸ್ಟಂಟ್ ಧರ್ಮಕ್ಕೆ ಹಾತೊರೆಯುತ್ತಾರೆ. ಅಂಥವರೂ ಇದ್ದರು, ಲಂಡನ್ನಿನಲ್ಲಿ ಜಾಸ್ತಿ ಇದ್ದರು. ಆದರೆ ಈ ಊರಿನ ಹುಡುಗರನ್ನು ಅಲ್ಲಿಗೆ ಎಳೆದು ಕೂರಿಸಬೇಡ.

ಇನ್ನೊಂದು. ‘ಅರ್ಥವಾಗದ ಲ್ಯಾಟಿನ್ ಮಂತ್ರಕ್ಕೆ ತಲೆ ಬಾಗಿಸಿದ ಮುಗ್ಧರು’ ಅಂತ ಮೂರು ಕಡೆ ಬರೆದಿದ್ದೀಯ. ತೆಗೆದುಹಾಕು. ಪದ ಪದದ ಅರ್ಥ ಗೊತ್ತಿಲ್ಲದಿರಬಹುದು, ಏನು ನಡೆಯುತ್ತಿದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಗಂಟೆ ಬಾರಿಸಿ ಪಾದ್ರಿ ರೊಟ್ಟಿಯನ್ನು ಮೇಲೆತ್ತಿದಾಗ ಕತ್ತೆತ್ತಿ ನೋಡುತ್ತಿದ್ದರು, ಅವರಿಗೆ ಅದು ಕ್ರಿಸ್ತನ ಶರೀರ. ಪ್ರಸಾದವನ್ನು ಹೆಚ್ಚಿನವರು ಸ್ವೀಕರಿಸುತ್ತಿದ್ದುದು ವರ್ಷಕ್ಕೆ ಒಂದೇ ಸಲ, ಈಸ್ಟರ್‌ಗೆ, ಪಾಪನಿವೇದನೆ ಮಾಡಿಕೊಂಡ ಮೇಲೆ. ಅದಕ್ಕೆ ಮುಂಚಿನ 40 ದಿನದ ಉಪವಾಸದಲ್ಲಿ ಮಾಂಸ ಮುಟ್ಟುವ ಹಾಗಿರಲಿಲ್ಲ. ಸತ್ತವರ ಹೆಸರುಗಳನ್ನು ಪೀಠದ ಮುಂದೆ ಓದಿ ಎಲ್ಲರೂ ಸೇರಿ ಪ್ರಾರ್ಥಿಸುತ್ತಿದ್ದರು. ತನ್ನ ಅಜ್ಜನ ಹೆಸರು ಕೇಳಲು ನಿಂತವನ ಮುಖವನ್ನು ಬರೆ, ಆಗ ಆ ಪ್ರಾರ್ಥನೆಯನ್ನು ಸರ್ಕಾರ ನಿಲ್ಲಿಸಿದಾಗ ಅವನು ಕಳಕೊಂಡದ್ದೇನು ಅಂತ ನೀನು ಪುಟಗಟ್ಟಲೆ ವಿವರಿಸಬೇಕಾಗುವುದಿಲ್ಲ.

ಸರ್ಕಾರ ನಿಲ್ಲಿಸಿದ್ದು ಒಂದೇ ದಿನದಲ್ಲಲ್ಲ. 1538ರಲ್ಲಿ ಮೂರ್ತಿಗಳ ಮುಂದಿನ ದೀಪ ಆರಿಸಬೇಕೆಂಬ ಆಜ್ಞೆ ಬಂತು. 1547ರಲ್ಲಿ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಮೂರ್ತಿ, ಮೆರವಣಿಗೆ, ಜಪಸರ ಎಲ್ಲದರ ಮೇಲೂ ಕೈ ಬಿತ್ತು. ಸತ್ತವರಿಗಾಗಿ ನಡೆಸುವ ಪೂಜೆಯಲ್ಲಿ ತೊಡಲು ಟ್ರಿಕಿ ಕಪ್ಪು ವಸ್ತ್ರಗಳ ಒಂದು ಜೋಡಿ ತರಬೇಕೆಂದು ಸುಮಾರು 20 ವರ್ಷ ದುಡ್ಡು ಕೂಡಿಟ್ಟಿದ್ದ, ಅದು ಕೈಗೆ ಬಂದದ್ದೂ ಅದೇ 1547ರಲ್ಲೇ. ಎರಡೇ ವರ್ಷದಲ್ಲಿ ಆ ಪೂಜೆಯೇ ಕಾನೂನಿಗೆ ವಿರೋಧವಾಯಿತು. ನಿನ್ನ ಹೆನ್ರಿ ಅಧ್ಯಾಯಗಳ ಬದಲು ಇದೊಂದನ್ನೇ ಬರೆದರೂ ನಾನು ಓದುತ್ತೇನೆ.

1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ವಿರುದ್ಧ ಡೆವನ್ ಮತ್ತು ಪಕ್ಕದ ಕಾರ್ನ್‌ವಾಲ್‌ನಲ್ಲಿ ಎದ್ದ ದಂಗೆಯನ್ನು ನೀನು ಒಂದು ಪ್ಯಾರಾದಲ್ಲಿ ಮುಗಿಸಿದ್ದೀಯ. ಅಲ್ಲಿ ನಿಲ್ಲು. ಮಾತೃಭಾಷೆಯಲ್ಲಿ ಪೂಜೆ ಎಂದರೆ ಕನ್ನಡದವರಾದ ನಮ್ಮ ಮನಸ್ಸು ತಕ್ಷಣ ಒಪ್ಪಿಬಿಡುತ್ತದೆ, ಹಾಗಾಗಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂದದ್ದನ್ನು ಬಿಡುಗಡೆ ಅಂತಲೇ ಬರೆದಿದ್ದೀಯ. ಆದರೆ ಕಾರ್ನ್‌ವಾಲ್‌ನವರು ‘ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರುವುದಿಲ್ಲ’ ಅಂತ ಹೇಳಿಯೇ ಅದನ್ನು ತಿರಸ್ಕರಿಸಿದರು. ದಂಗೆಯವರ ಬೇಡಿಕೆಗಳನ್ನು ಓದು. ಲ್ಯಾಟಿನ್ ಪೂಜೆ ಬೇಕು ಅನ್ನುವುದರ ಜೊತೆಗೇ ಪ್ರತಿ ಭಾನುವಾರ ಪವಿತ್ರ ರೊಟ್ಟಿ, ಪವಿತ್ರ ನೀರು ಬೇಕು, ಈಸ್ಟರ್‌ಗೆ ಮುಂಚಿನ ಭಾನುವಾರದ ಗರಿಗಳ ಹಬ್ಬಕ್ಕೆ ಗರಿ ಬೇಕು, ಉಪವಾಸ ಶುರುವಾಗುವ ಬೂದಿ ಬುಧವಾರಕ್ಕೆ ಬೂದಿ ಬೇಕು, ಮೂರ್ತಿಗಳನ್ನು ಮತ್ತೆ ನಿಲ್ಲಿಸಬೇಕು ಅಂತ ಇದೆ. ಇಂಥ ಸಣ್ಣ ಸಣ್ಣ ವಸ್ತುಗಳಿಗಾಗಿ ಜನ ಆಯುಧ ಹಿಡಿದರು, ಸಾವಿರಾರು ಜನ ಸತ್ತರು. ಮೋರ್‌ಬ್ಯಾತ್‌ನಿಂದ ಐವರು ಹೋದರು, ಅವರನ್ನು ಕಳಿಸಿದ ಖರ್ಚೂ ಆ ಲೆಕ್ಕದಲ್ಲೇ ಇದೆ.

ಟ್ರಿಕಿಯನ್ನು ಹೇಡಿ ಮಾಡಬೇಡ, ಹುತಾತ್ಮನನ್ನಾಗಿಯೂ ಮಾಡಬೇಡ. 1553ರಲ್ಲಿ ಕ್ಯಾಥೊಲಿಕ್ ಆಗಿದ್ದ ಮೇರಿ ರಾಣಿಯಾಗಿ ಹಳೆಯ ಪೂಜೆ ತಿರುಗಿ ಬಂದಾಗ, ಮನೆಗಳಲ್ಲಿ ಬಚ್ಚಿಟ್ಟ ವಸ್ತುಗಳನ್ನು ಊರವರು ಹೊತ್ತು ತಂದರು, ಅವನು ಸಂತೋಷದಿಂದ ಬರೆದುಕೊಂಡ. 1559ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಅದೆಲ್ಲ ಮತ್ತೆ ಹೋಯಿತು. ಅವನು ಊರು ಬಿಟ್ಟು ಹೋಗಲಿಲ್ಲ. ಇಂಗ್ಲಿಷಿನಲ್ಲಿ ಪ್ರಾರ್ಥನೆ ನಡೆಸಿದ, ಅದೇ ಜನರ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟ, ಹೆಣ ಮಣ್ಣು ಮಾಡಿದ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಯೋಚಿಸುವುದೇ ನಿನ್ನ ಕಾದಂಬರಿಯ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ, ಈಗಿನ ಕರಡಿನಲ್ಲಿ ಹಾಗೆ ಉಳಿದುಕೊಂಡ ಪಾದ್ರಿಗಳಿಗೆ ನೀನು ಕೊನೆಯ ಎರಡು ಪುಟ ಮಾತ್ರ ಇಟ್ಟಿದ್ದೀಯ.

ಮುಂದಿನ ಸಲ ಇಡೀ ಕರಡು ಕಳಿಸಬೇಡ. 1548ರ ಉಪವಾಸ ಕಾಲದ ಒಂದು ವಾರ ಬರೆದು ಕಳಿಸು: ಬೂದಿ ಇಲ್ಲ, ಗರಿ ಇಲ್ಲ, ಪೂಜೆಯ ಹೆಚ್ಚಿನ ಭಾಗ ಮಾತ್ರ ಇನ್ನೂ ಲ್ಯಾಟಿನ್‌ನಲ್ಲೇ ಇದೆ. ಒಂದೇ ಮನೆ ತಗೋ, ಗಂಡ, ಹೆಂಡತಿ, ಒಬ್ಬಳು ಅಜ್ಜಿ. ರಾಜನ ಹೆಸರು ಎಲ್ಲೂ ಬರಬಾರದು.

ಇಂತು,
ನಿನ್ನ ಅಣ್ಣ